ಬಾದಾಮಿ ಕೊಯ್ಲಿನ ಧೂಳು: ಹೊಸ ಮಷೀನ್ ಸರಿ, ಅವಸರಕ್ಕೇನು ಮಾಡೋಣ?

ಆಗಸ್ಟ್ ಬಂತೆಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬಾದಾಮಿ ಕೊಯ್ಲು ಶುರು. ಜೊತೆಗೇ ಧೂಳಿನ ಜಗಳವೂ ಶುರು. ಧೂಳೇಳದೆ ಕೊಯ್ಲು ಹೇಗಾಗುತ್ತದೆ ಅನ್ನುತ್ತಾರೆ ರೈತರು. ಎರಡು ತಿಂಗಳು ಕಿಟಕಿ ತೆಗೆಯೋಕೇ ಆಗಲ್ಲ ಅನ್ನುತ್ತಾರೆ ತೋಟದ ಪಕ್ಕದ ಮನೆಯವರು. ಇಬ್ಬರ ಮಾತೂ ನಿಜ. ಆದರೆ ನನಗನ್ನಿಸುವುದು, ಇದರಲ್ಲಿ ಬಹಳಷ್ಟು ಧೂಳು ಏಳುವುದು ಅವಸರದಿಂದ.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಶೇಕರ್ ಬಂದು ಮರದ ಕಾಂಡ ಹಿಡಿದು ಕೆಲವೇ ಸೆಕೆಂಡು ಅಲುಗಾಡಿಸುತ್ತದೆ. ಕಾಯಿ ದಬದಬ ಉದುರುತ್ತದೆ. ವಾರ, ಹತ್ತು ದಿನ ನೆಲದ ಮೇಲೇ ಒಣಗುತ್ತದೆ. ಆಮೇಲೆ ಸ್ವೀಪರ್ ಗುಡಿಸಿ ಸಾಲು ಮಾಡುತ್ತದೆ. ಮರದ ಬುಡದಲ್ಲಿ ಉಳಿದ ಕಾಯನ್ನು ಬ್ಲೋವರ್ ಊದಿ ಆಚೆ ತಳ್ಳುತ್ತದೆ. ಕೊನೆಗೆ ಪಿಕಪ್ ಮಷೀನ್ ಆ ಸಾಲನ್ನು ನುಂಗುತ್ತಾ ಹೋಗುತ್ತದೆ. ಕಾಯಿಯ ಜೊತೆ ಮಣ್ಣು, ಎಲೆ, ಕಡ್ಡಿ ಎಲ್ಲಾ ಒಳಗೆ. ಒಳಗಿನ ಫ್ಯಾನ್ ಹಗುರವಾದದ್ದನ್ನೆಲ್ಲ ಹೊರಗೆ ಉಗಿಯುತ್ತದೆ. ರಸ್ತೆಗೆ ಕಾಣುವ ಕಂದು ಮೋಡ ಅದೇ.

ಮೂರು ಕಡೆ ಬೆಟ್ಟ ಇರುವ ಕಣಿವೆ ಅದು. ಎದ್ದದ್ದು ಬೇಗ ಹೊರಗೆ ಹೋಗುವುದಿಲ್ಲ. ಕೊಯ್ಲಿನ ಕಾಲಕ್ಕೆ ಮಳೆಯೂ ಇಲ್ಲ. ಈ ಧೂಳಿನಲ್ಲಿ 10 ಮೈಕ್ರಾನ್‌ಗಿಂತ ಸಣ್ಣ ಕಣಗಳೂ ಇರುತ್ತವೆ, ಅವು ಶ್ವಾಸಕೋಶಕ್ಕೇ ಇಳಿಯುತ್ತವೆ. ಸಾಲದ್ದಕ್ಕೆ ಅಲ್ಲಿನ ಮಣ್ಣಲ್ಲಿ ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಕಾಯಿಲೆ ತರುವ ಶಿಲೀಂಧ್ರ ಬೇರೆ. ರೈತರಿಗೂ ಇದು ನಷ್ಟವೇ. ಎಲೆ ಮೇಲೆ ಧೂಳು ಕೂತರೆ ನುಸಿ ಜಾಸ್ತಿಯಾಗುತ್ತದೆ.

ಹಾಗಂತ ಯಾರೂ ಸುಮ್ನೆ ಕೂತಿಲ್ಲ. 2004ರಿಂದ ಅಲ್ಲಿ 100 ಎಕರೆ ಮೇಲ್ಪಟ್ಟ ತೋಟದವರು ಧೂಳು ತಗ್ಗಿಸುವ ಯೋಜನೆ ಮಾಡಿಕೊಳ್ಳಲೇಬೇಕು. 2025ರ ಹೊತ್ತಿಗೆ ಕೊಯ್ಲಿನ ಧೂಳನ್ನು ಅರ್ಧಕ್ಕಿಳಿಸುತ್ತೇವೆ ಅಂತ ಬಾದಾಮಿ ಮಂಡಳಿ ಗುರಿ ಇಟ್ಟುಕೊಂಡಿತ್ತು. ಕಡಿಮೆ ಧೂಳಿನ ಮಷೀನ್ ಕೊಂಡರೆ ಸಹಾಯಧನವೂ ಇದೆ. ಒಳ್ಳೆಯದೇ. ಆದರೆ ನಿಧಾನವಾಗಿ ಓಡಿಸುವುದಕ್ಕೆ ಯಾರು ಸಹಾಯಧನ ಕೊಡುತ್ತಾರೆ?

ಯಾಕೆಂದರೆ ಹಳೇ ಮಷೀನಿನಲ್ಲೂ ಮಾಡಬಹುದಾದದ್ದು ಬೇಕಾದಷ್ಟಿದೆ. ಸ್ವೀಪರ್‌ನ ತಂತಿ ಹಲ್ಲುಗಳನ್ನೇ ತಗೊಳ್ಳಿ. ಒಂದು ಕಾಯಿಯೂ ಬಿಡಬಾರದು ಅಂತ ತುಂಬಾ ಕೆಳಗಿಳಿಸಿದರೆ ಅವು ಕಾಯಿ ಗುಡಿಸುವ ಬದಲು ನೆಲ ಕೆರೆಯುತ್ತವೆ. ಆ ಮಣ್ಣೆಲ್ಲ ಸಾಲಿಗೆ ಸೇರಿ, ಪಿಕಪ್ ಹೊಟ್ಟೆಗೆ ಹೋಗಿ, ಫ್ಯಾನಿನಿಂದ ಆಚೆ ಬರುತ್ತದೆ. ಹಲ್ಲು ಸ್ವಲ್ಪ ಎತ್ತರಿಸಿದರೆ ಮಣ್ಣು ನೆಲದಲ್ಲೇ ಉಳಿಯುತ್ತದೆ. ಅದಕ್ಕೆ ನೆಲ ಸಮವಾಗಿರಬೇಕು, ಹಳ್ಳದಿಣ್ಣೆ ಇದ್ದರೆ ಕಾಯಿ ಸಿಕ್ಕಿಕೊಳ್ಳುತ್ತದೆ. ಅಂದರೆ ಆಗಸ್ಟಿನ ಧೂಳಿಗೆ ಮದ್ದು ಅದಕ್ಕಿಂತ ತಿಂಗಳುಗಳ ಮುಂಚೆಯೇ ಶುರುವಾಗಬೇಕು. ಬ್ಲೋವರ್ ಓಡಾಟ ಒಂದು ಕಡಿಮೆಯಾದರೂ ಲಾಭವೇ. ಪಿಕಪ್ ನಿಧಾನವಾಗಿ ಹೋಗಲಿ, ಫ್ಯಾನಿನ ವೇಗ ತಗ್ಗಲಿ. ಮನೆ, ರಸ್ತೆ ಪಕ್ಕದ ಸಾಲುಗಳಲ್ಲಿ ಫ್ಯಾನಿನ ಬಾಯಿ ತೋಟದ ಒಳಕ್ಕೆ ತಿರುಗಿರಲಿ. ಎಲೆಗಳೇ ಒಂದಷ್ಟು ಧೂಳು ಹಿಡಿದುಕೊಳ್ಳುತ್ತವೆ.

ಪಿಸ್ತಾವನ್ನು ನೆಲಕ್ಕೆ ಬೀಳಲೇ ಬಿಡುವುದಿಲ್ಲ, ಚೌಕಟ್ಟು ಒಡ್ಡಿ ಹಿಡಿಯುತ್ತಾರೆ. ಬಾದಾಮಿಗೂ ಹಾಗೇ ಮಾಡಬಹುದಲ್ವಾ? ಮಾಡಬಹುದು, ಪ್ರಯತ್ನ ನಡೆಯುತ್ತಲೂ ಇದೆ. ಆದರೆ ಅಷ್ಟೊಂದು ಹಸಿ ಕಾಯಿ ಒಣಗಿಸುವುದೆಲ್ಲಿ? ಬಿಸಿಲು ಪುಕ್ಕಟೆ, ಡ್ರೈಯರ್ ಅಲ್ಲ. ನನಗೆ ಹೆಚ್ಚು ಆಸೆ ಇರುವುದು ಇಂಡಿಪೆಂಡೆನ್ಸ್ ತರಹದ, ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ತಳಿಗಳ ಮೇಲೆ. ಈಗಿರುವ ನಾನ್‌ಪರೇಲ್ ಅನ್ನುವ ತಳಿಯ ತೋಟದಲ್ಲಿ ಪರಾಗಕ್ಕಾಗಿ ಬೇರೆ ತಳಿಯ ಸಾಲುಗಳು ಬೇಕೇ ಬೇಕು. ಅವು ಬೇರೆ ಬೇರೆ ಸಮಯಕ್ಕೆ ಬಲಿಯುತ್ತವೆ. ಹಾಗಾಗಿ ಅದೇ ತೋಟಕ್ಕೆ ಮಷೀನು ಮತ್ತೆ ಮತ್ತೆ ಇಳಿಯಬೇಕು. ಒಂದೇ ತಳಿ ಇದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಆದರೆ ಹೊಸ ಮರ ಫಸಲಿಗೆ ಬರಲು ವರ್ಷಗಳೇ ಬೇಕು. ಅಲ್ಲಿಯವರೆಗೆ? ಎಷ್ಟೋ ತೋಟಗಳಲ್ಲಿ ಕೊಯ್ಲು ಮಾಡುವವರು ಬಾಡಿಗೆ ಮಷೀನಿನವರು. ಎಕರೆ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಅವರನ್ನು ಬೈದು ಏನು ಪ್ರಯೋಜನ? ಮನೆ, ಶಾಲೆ ಪಕ್ಕದ ಸಾಲುಗಳಿಗಾದರೂ ಗಂಟೆ ಲೆಕ್ಕದಲ್ಲಿ ಕೊಡಿ. ಫ್ಯಾನ್ ತಗ್ಗಿಸಿದ್ದಕ್ಕೆ ಲೋಡಿನಲ್ಲಿ ಎಲೆ ಕಡ್ಡಿ ಸ್ವಲ್ಪ ಜಾಸ್ತಿ ಬಂದರೆ ಸಿಪ್ಪೆ ಬಿಡಿಸುವ ಘಟಕದವರು ಗೊಣಗದೆ ತೆಗೆದುಕೊಳ್ಳಲಿ. ಅದಕ್ಕೆ ತಗಲುವ ಖರ್ಚನ್ನೂ ಆ ಸಹಾಯಧನದ ಲೆಕ್ಕಕ್ಕೇ ಸೇರಿಸಲಿ.