ಮನೆಯ ಬೆಲೆಯಲ್ಲಿ ಗಾಳಿಯ ಲೆಕ್ಕ

ಮನೆ ಕೊಳ್ಳುವವರು ನಲ್ಲಿ ತಿರುಗಿಸಿ ನೋಡುತ್ತಾರೆ, ಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಗಾಳಿಯ ವಿಚಾರ ಕೇಳುವವರು ಕಡಿಮೆ. ಅದೆಲ್ಲ ಬೆಲೆಯಲ್ಲೇ ಸೇರಿರುತ್ತದೆ ಎಂಬ ನಂಬಿಕೆ. ಆದರೆ ಬೆಲೆಯಲ್ಲಿ ಸೇರುವುದು ಜನರಿಗೆ ಗೊತ್ತಿರುವ ಮಾಲಿನ್ಯ ಮಾತ್ರ.

ಬರೀ ದರ ಹೋಲಿಸಿದರೆ ಗಾಳಿಗೆಂದು ಬೆಲೆ ಎಷ್ಟು ಬದಲಾಗಿದೆ ಎಂಬುದು ತಿಳಿಯುವುದಿಲ್ಲ. ಹೊಗೆ ಹೆಚ್ಚಿರುವ ಕಡೆಯೇ ಕೆಲಸ, ಅಂಗಡಿ, ಬಸ್ಸು ಇರುವುದರಿಂದ ಅಲ್ಲೇ ದರ ಜಾಸ್ತಿ ಇರಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕೆನೆತ್ ಚೇ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಈ ತೊಡಕು ಬಿಡಿಸಲು ಅಲ್ಲಿನ 1970ರ ವಾಯುಶುದ್ಧಿ ಕಾಯ್ದೆಯನ್ನು ಆಧಾರವಾಗಿಟ್ಟುಕೊಂಡರು. ಮಾಲಿನ್ಯ ಮಿತಿ ಮೀರಿದ್ದ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಬಿಗಿ ನಿಯಮ ಬಂತು, ಅಲ್ಲಿ ದೂಳು ಇಳಿಯಿತು, ಮನೆಗಳ ಬೆಲೆ ಏರಿತು. 2005ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ದೂಳಿನ ಕಣ ಶೇ 10ರಷ್ಟು ಇಳಿದರೆ ಬೆಲೆ ಸುಮಾರು ಶೇ 2ರಿಂದ 3.5ರಷ್ಟು ಏರುತ್ತದೆ. ಇನ್ನು ಚೀನಾ 2013ರಲ್ಲಿ 74 ನಗರಗಳ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳ) ಅಂಕಿಗಳನ್ನು ಗಂಟೆಗಂಟೆಗೂ ಪ್ರಕಟಿಸತೊಡಗಿತು. ಆಮೇಲೆ ಅಲ್ಲಿನ ಮನೆ ಬೆಲೆಗಳೂ ಮಾಲಿನ್ಯಕ್ಕೆ ಹೆಚ್ಚು ಸ್ಪಂದಿಸತೊಡಗಿದವು. ಗಾಳಿ ಅದೇ, ಜನರಿಗೆ ಗೊತ್ತಾಯಿತು ಅಷ್ಟೇ.

ಹಾಗಾಗಿ ಮುಂಗಡ ಕೊಡುವ ಮೊದಲು ಹತ್ತಿರದ ಮಾಪನ ಕೇಂದ್ರದ ಒಂದು ವರ್ಷದ ಗಂಟೆವಾರು ಅಂಕಿ ತೆಗೆದು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪಿಎಂ 2.5 ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಆದರೆ ವಾರ್ಷಿಕ ಸರಾಸರಿ ಒಂದನ್ನೇ ನಂಬಬೇಡಿ. ಚಳಿಗಾಲದ ರಾತ್ರಿ ನೆಲದ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತು ಹೊಗೆ ಮೇಲೇರಲು ಬಿಡುವುದಿಲ್ಲ. ಬೆಳಗಿನ ಜಾವದ ಅಂಕಿ ನೋಡಿದರೆ ಅದು ಕಾಣುತ್ತದೆ. ಹೆದ್ದಾರಿಯಿಂದ 150–300 ಮೀಟರ್ ಒಳಗಿನ ಮನೆಗಂತೂ ದೂರದ ಕೇಂದ್ರದ ಅಂಕಿ ಉಪಯೋಗವಿಲ್ಲ, ಕಣ ಎಣಿಸುವ ಕೈಮಾಪಕ ಹಿಡಿದು ನೀವೇ ಅಳೆಯಬೇಕು. ಕೈಮಾಪಕದೊಳಗಿನ ಲೇಸರ್ ಸೆನ್ಸರ್ ಮಂಜಿನಲ್ಲಿ ಮೋಸ ಹೋಗುತ್ತದೆ: ತೇವ ಹೀರಿ ಉಬ್ಬಿದ ಕಣವನ್ನು ದೊಡ್ಡ ಕಣವೆಂದೇ ಎಣಿಸಿ ಅಂಕಿ ಏರಿಸಿಬಿಡುತ್ತದೆ. ವಾಹನಗಳ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಅನಿಲ ಅದಕ್ಕೆ ಕಾಣುವುದೇ ಇಲ್ಲ. ಒಣ ದಿನ ನೋಡಿ, ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಎರಡೂ ಅಂಕಿ ಒಂದೇ ಇದ್ದರೆ ಚೌಕಟ್ಟಿನ ಸಂದುಗಳಿಂದ ಹೊರಗಿನ ಗಾಳಿ ಒಳಗೆ ಬರುತ್ತಿರಬಹುದು.

ಕಿಟಕಿಯ ಕಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ. ಕಂದು ಬಣ್ಣದ ಒರಟು ದೂಳು ಬಂದರೆ ಮಣ್ಣಿನದ್ದೋ ಕಟ್ಟಡ ಕೆಲಸದ್ದೋ ಇರಬೇಕು. ಕೆಲಸ ಮುಗಿದರೆ ಕಡಿಮೆಯಾದೀತು. ಕಪ್ಪಗೆ, ಜಿಡ್ಡಾಗಿ ಅಂಟಿದರೆ ಹೊಗೆಯ ಮಸಿ ಇರುವ ಸಾಧ್ಯತೆ ಹೆಚ್ಚು, ಅದು ಬೇಗ ಹೋಗುವಂಥದ್ದಲ್ಲ. ಚೌಕಾಸಿಯಲ್ಲಿ ಈ ಎರಡಕ್ಕೂ ಒಂದೇ ರಿಯಾಯಿತಿ ಕೇಳಬಾರದು.

ಬೀದಿಗೆ ಮಾಪಕ ಬಂದರೆ ಮನೆಗಳ ಬೆಲೆ ಬೀಳುತ್ತದೆ ಎಂದು ಬೇಡವೆನ್ನುವ ಮಾಲೀಕರ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಂಕಿಯಿಲ್ಲದೆ ಲಾರಿ ಸಂಚಾರದ ಬಗ್ಗೆ ದೂರು ಕೊಟ್ಟರೆ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆಗೇ ನಮ್ಮಲ್ಲಿ ಉತ್ತರ ಇರುವುದಿಲ್ಲ. ಮಾಪಕ ಹಾಕಿಸಿ, ಉಸಿರಾಡುವ ಎತ್ತರಕ್ಕೆ, ಜನರೇಟರು ಮತ್ತು ಅಡುಗೆಮನೆಯ ಹೊಗೆಗೂಡಿನಿಂದ ದೂರ.