ಮಿಲ್ವಾಕಿಯ ಡ್ರಮ್ಮು, ಮೈಸೂರಿನ ಪೆಟ್ರೋಲ್ ತಟ್ಟೆ

"ನಿಮ್ಮ ಊರಲ್ಲಿ ಇದನ್ನೆಲ್ಲ ಒಂದೇ ಸಲ ಬಳಸಿ ಚೆಲ್ಲಿಬಿಡ್ತಾರಾ?" ಪಕ್ಕದ ಮನೆಯ ಹಿರಿಯರು ಹೀಗೆ ಕೇಳಿದಾಗ ಮನಸ್ಸಿಗೆ ಚುರುಕ್ ಅಂದಿತು. ಅವರು ಕೇಳಿದ್ದು ಗಾಡಿಯ ಪಾರ್ಟ್ಸ್ ತೊಳೆಯುವ ಸಾಲ್ವೆಂಟ್, ಅಂದರೆ ಜಿಡ್ಡು ಕರಗಿಸುವ ದ್ರವದ ಬಗ್ಗೆ. ಹಾಲಿನ ಕವರು ತೊಳೆದು, ಒಣಗಿಸಿ, ಕಟ್ಟಿಟ್ಟು ಮಾರುವ ಮನೆಯಿಂದ ಬಂದವನು ನಾನು. ಸ್ವಿಚ್ಚು ಕೆಟ್ಟರೆ ಮಿಕ್ಸಿಯನ್ನೇ ಬೀದಿಗಿಡುವ ದೇಶದವರು ನನ್ನನ್ನು ಕೇಳುವ ಮಾತಾ ಇದು?

ಕೆಟ್ಟ ಮನಸ್ಸಿನ ಮನುಷ್ಯರೇನಲ್ಲ, ಬಿಡಿ. ನಿವೃತ್ತ ಮೆಷಿನಿಸ್ಟ್. ಇದು ಅಮೆರಿಕದ ಮಿಲ್ವಾಕಿ, 1903ರಲ್ಲಿ ಹಾರ್ಲೆ ಡೇವಿಡ್‌ಸನ್ ಬೈಕ್ ಕಂಪನಿ ಶುರುವಾದ ಊರು. ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲದಷ್ಟು ಸಾಮಾನು ತುಂಬಿಕೊಂಡ ಇಂಥವರು ಇಲ್ಲಿ ಬೇಕಾದಷ್ಟು ಜನ. ಇವರ ಗ್ಯಾರೇಜಿನ ಮೂಲೆಯಲ್ಲಿ ಇವರೇ ಮಾಡಿಕೊಂಡ ಪಾರ್ಟ್ಸ್ ವಾಷರ್ ಇದೆ. ಯಾರದೋ ಅಡುಗೆಮನೆಯಿಂದ ಕಿತ್ತು ತಂದ ಸ್ಟೀಲ್ ಸಿಂಕು, ಅದರ ಕೆಳಗೊಂದು ಡ್ರಮ್ಮು. ಡ್ರಮ್ಮಿನೊಳಗೆ ಮಿನರಲ್ ಸ್ಪಿರಿಟ್ಸ್. ನಮ್ಮ ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಅಂತ ಕೊಡುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಜಾತಿ.

ಪಂಪು ಅದನ್ನು ಮೇಲೆತ್ತಿ ಬ್ರಷ್ಷಿನ ಮೂಲಕ ಸುರಿಯುತ್ತದೆ. ತೊಳೆದ ಕೊಳೆ ಸಿಂಕಿನ ತೂತಿನಿಂದ ವಾಪಸ್ ಇಳಿಯುತ್ತದೆ. ತೂತಿನ ಬಾಯಲ್ಲಿ ಒಂದು ಅಯಸ್ಕಾಂತ, ಕಬ್ಬಿಣದ ಪುಡಿ ಅಲ್ಲೇ ಮೀಸೆ ಬಿಟ್ಟುಕೊಂಡು ನಿಲ್ಲುತ್ತದೆ. ಅದರ ಕೆಳಗೆ ಪೇಂಟ್ ಸೋಸುವ ಬಟ್ಟೆ. ಪಂಪಿನಿಂದ ಬ್ರಷ್ಷಿಗೆ ಹೋಗುವ ದಾರಿಯಲ್ಲಿ ಕಾರಿನ ಆಯಿಲ್ ಫಿಲ್ಟರು. ಪಂಪಿನ ಪೈಪು ಡ್ರಮ್ಮಿನ ತಳ ಮುಟ್ಟುವುದಿಲ್ಲ, ಒಂದು ಗೇಣು ಮೇಲೆ ನಿಂತಿರುತ್ತದೆ. ಕೆಸರು ಕೆಳಗೆ ಕೂತಿರಲಿ, ಅದನ್ನು ಕೆದಕುವುದು ಬೇಡ ಅಂತ. ತಳಕ್ಕೆ ಒಂದಿಷ್ಟು ನೀರು ಹಾಕುವವರೂ ಇದ್ದಾರಂತೆ. ಸಾಲ್ವೆಂಟ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ, ಮಣ್ಣು ನೀರಿಗಿಳಿಯುತ್ತದೆ. ಆದರೆ ನೀರು ಹಾಕಿದರೆ ತುಕ್ಕು ಬರುತ್ತೆ, ನಾರುತ್ತೆ ಅಂತ ಇವರು ಹಾಕುವುದಿಲ್ಲ.

ಎಲ್ಲ ಸರಿ. ಆದರೆ ನೋಡುತ್ತಾ ನಿಂತವನಿಗೆ ನೆನಪಾದದ್ದು ಮೈಸೂರಿನ ನಮ್ಮ ಮೆಕ್ಯಾನಿಕ್ ಅಣ್ಣ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿ ತಯಾರಾದ ಯೆಜ್ದಿ ಬೈಕುಗಳನ್ನು ಊರಲ್ಲಿ ಓಡಿಸುತ್ತಾ ಇಟ್ಟವರು ಇಂಥವರೇ ಅಲ್ವಾ? ಅವರ ಪಾರ್ಟ್ಸ್ ವಾಷರ್ ಅಂದರೆ ಅಂಚು ಬಗ್ಗಿದ ಒಂದು ತಗಡಿನ ತಟ್ಟೆ, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು. ಕಾರ್ಬ್ಯುರೇಟರ್ ತೊಳೆದಾದ ಮೇಲೆ ತಟ್ಟೆಯ ಪೆಟ್ರೋಲನ್ನು ಬಾಟಲಿಗೆ ಹುಯ್ದು ಗೋಡೆ ಪಕ್ಕ ಇಡುತ್ತಿದ್ದರು. ಬೆಳಿಗ್ಗೆ ಹೊತ್ತಿಗೆ ಕೆಸರು ತಳಕ್ಕೆ ಇಳಿದಿರುತ್ತಿತ್ತು. ಸಾರಿನ ತಿಳಿ ಬಗ್ಗಿಸಿದ ಹಾಗೆ ಮೇಲಿನದನ್ನು ಮೆಲ್ಲಗೆ ತಟ್ಟೆಗೆ ಬಗ್ಗಿಸಿಕೊಳ್ಳುವರು. ಮೊದಲು ಚೈನ್ ಸ್ಪ್ರಾಕೆಟ್ಟು, ಗೇರು ಇವಕ್ಕೆ ಹಳೇದು, ಕೊನೆಗೆ ಕಾರ್ಬ್ಯುರೇಟರಿನ ಸಣ್ಣ ತೂತಿನ ಜೆಟ್ಟಿಗೆ ಮಾತ್ರ ಹೊಸದು. ಫಿಲ್ಟರಿಲ್ಲ, ಪಂಪಿಲ್ಲ, ಕರೆಂಟಿಲ್ಲ. ಮಿಲ್ವಾಕಿಯ ಡ್ರಮ್ಮಿನಲ್ಲೂ ಅರ್ಧಕ್ಕರ್ಧ ಕೆಲಸ ಆಗುವುದು ಹೀಗೆ ಸುಮ್ನೆ ಬಿಟ್ಟಾಗಲೇ.

ಇನ್ನೊಂದು ಮಾತು. ಎಷ್ಟೇ ಸೋಸಿದರೂ ಫಿಲ್ಟರು ಹಿಡಿಯುವುದು ಮಣ್ಣು, ಪುಡಿ ಅಷ್ಟೇ. ಕರಗಿದ ಗ್ರೀಸು, ಆಯಿಲ್ಲು ಸಾಲ್ವೆಂಟಿನಲ್ಲೇ ಉಳಿಯುತ್ತದೆ. ಅದನ್ನು ಬೇರೆ ಮಾಡಬೇಕಾದರೆ ಬಟ್ಟಿ ಇಳಿಸಬೇಕು, ಮನೆಯಲ್ಲಿ ಆ ಕೆಲಸಕ್ಕೆ ಕೈಹಾಕಿದರೆ ಮನೆಯೇ ಹೊತ್ತಿಕೊಂಡೀತು. ಹಾಗಾಗಿ ಈ ಹಿರಿಯರು ಆಗಾಗ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಆರಲು ಬಿಡುತ್ತಾರೆ. ಕಲೆ ಉಳಿಯದಿದ್ದರೆ ಇನ್ನೂ ಬಳಸಬಹುದು. ಬಜ್ಜಿ ಇಟ್ಟ ಪೇಪರಿನ ಥರ ಜಿಡ್ಡಿನ ಉಂಗುರ ಉಳಿದರೆ ಬದಲಾಯಿಸಬೇಕು. ನಮ್ಮ ಅಣ್ಣ ಕಾಗದ ಹುಡುಕುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು ಅದ್ದಿ ಉಜ್ಜಿ, ಆರಿದ ಮೇಲೂ ಜಾರುತ್ತಿದ್ದರೆ "ಇದು ಮುಗೀತು" ಅನ್ನುವರು. ಇಬ್ಬರದೂ ಒಂದೇ ಪರೀಕ್ಷೆ. ಒಬ್ಬರು ಒಂದಿಡೀ ಚಳಿಗಾಲ ಕೂತು ಸಿಂಕು ಜೋಡಿಸಿದರು, ಇನ್ನೊಬ್ಬರು ಅಷ್ಟರಲ್ಲಿ ಊರಿನ ಅರ್ಧ ಗಾಡಿ ಸರ್ವೀಸ್ ಮಾಡಿದರು. ನನ್ನ ಓಟು ಯಾರಿಗೆ ಅಂತ ಕೇಳಬೇಡಿ.

ಆದರೂ ಪೆಟ್ರೋಲ್ ವಿಷಯಕ್ಕೆ ಬಂದರೆ ಊರನ್ನು ವಹಿಸಿಕೊಂಡು ಮಾತಾಡುವುದು ಕಷ್ಟ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಮಿನರಲ್ ಸ್ಪಿರಿಟ್ಸ್ ಹತ್ತಬೇಕಾದರೆ ಅದು ಸುಮಾರು 40 ಡಿಗ್ರಿಗಾದರೂ ಬಿಸಿಯಾಗಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಆ ನೆಲದ ಮೇಲೇ ನಮ್ಮವರು ಕುಕ್ಕರಗಾಲಲ್ಲಿ ಕೂತು ತೊಳೆಯುವುದು, ಪಕ್ಕದಲ್ಲೇ ಯಾರೋ ಬೀಡಿ ಹಚ್ಚುವುದು. ಹೊಗೆ ಕಮ್ಮಿ ಮಾಡುವ ಬಿಎಸ್-6 ನಿಯಮದ ಪೆಟ್ರೋಲಿನಲ್ಲೂ ನೂರಕ್ಕೆ 1 ಭಾಗದವರೆಗೆ ಬೆಂಜೀನ್ ಇರಬಹುದು, ಅದು ಕ್ಯಾನ್ಸರ್ ತರುವ ಸರಕು. ಅಣ್ಣನ ಹತ್ತಿರ ಕೆಲಸಕ್ಕಿದ್ದ ಹುಡುಗರ ಬೆರಳುಗಳು ಬೆಳ್ಳಗೆ ಬಿರಿದಿರುತ್ತಿದ್ದವು. ಆಗ ಅದು ನಮಗೆ ಕೆಲಸಗಾರನ ಕೈಯಂತೆ ಕಾಣುತ್ತಿತ್ತು. ಇಲ್ಲಿ ಅಂಗಡಿಯಲ್ಲಿ ಸಿಗುವ ಪಾರ್ಟ್ಸ್ ವಾಷರುಗಳ ಮುಚ್ಚಳವನ್ನು ಒಂದು ಸಣ್ಣ ಲೋಹದ ಕೊಂಡಿ ಎತ್ತಿ ಹಿಡಿದಿರುತ್ತದೆ. ಬೆಂಕಿ ಬಿದ್ದರೆ ಕೊಂಡಿ ಕರಗಿ ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಕಂಡು ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ.

ಕೊನೆಗೆ ಉಳಿಯುವ ಕೆಸರು? ಈ ಹಿರಿಯರು ಅದನ್ನು ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು, ಮನೆಯ ಅಪಾಯದ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಒಯ್ದು ಕೊಡುತ್ತಾರೆ. ಹಳೇ ಎಂಜಿನ್ ಆಯಿಲ್ ಜೊತೆ ಬೆರೆಸುವುದಿಲ್ಲ, ಬೆರೆಸಿದರೆ ಆ ಆಯಿಲ್ಲನ್ನೂ ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಅದು ಅಂಗಡಿ ಮುಂದಿನ ಮೋರಿಗೆ ಹೋಗುತ್ತಿತ್ತು, ಇಲ್ಲವೇ ಧೂಳು ಏಳದಿರಲಿ ಅಂತ ರಸ್ತೆಗೆ. ಅಷ್ಟರಮಟ್ಟಿಗೆ ಅವರ ಪ್ರಶ್ನೆ ತಪ್ಪಲ್ಲ.

ಮೊನ್ನೆ ಅಣ್ಣನಿಗೆ ಫೋನ್ ಮಾಡಿದಾಗ ಇದೆಲ್ಲ ಹೇಳಿದೆ. "ಪೆಟ್ರೋಲ್ ಬಿಡಿ ಅಣ್ಣಾ, ಸೀಮೆಎಣ್ಣೆನಾದ್ರೂ ಹಾಕಿ."

"ಸೀಮೆಎಣ್ಣೆ ಈಗ ಎಲ್ಲಪ್ಪಾ ಸಿಗುತ್ತೆ?"

"ಪೇಂಟ್ ಅಂಗಡಿ ಟರ್ಪೆಂಟೈನ್?"

"ಅದಕ್ಕೆ ನಾನು ದುಡ್ಡು ಕೊಡಬೇಕು. ಪೆಟ್ರೋಲು ಗಿರಾಕಿ ಟ್ಯಾಂಕಲ್ಲೇ ಬರುತ್ತಲ್ಲೋ."