ಅದೇ ನಕ್ಷತ್ರ, ಮತ್ತೊಂದು ಸಲ

ದಸರಾಕ್ಕೆ ದೇವರಗುಡ್ಡಕ್ಕೆ ಹೋಗಿದ್ದೆವು. ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದರು. ರಾಣೆಬೆನ್ನೂರಿಗೆ ಮರಳುವಾಗ ಚಹಾದಂಗಡಿಯಲ್ಲಿ ಕೂತರೆ, ಆ ಒಂದೇ ಸಾಲಿಗೆ ಒಬ್ಬರು ಮಳೆಯ ಅರ್ಥ ಹೇಳುತ್ತಿದ್ದರು, ಇನ್ನೊಬ್ಬರು ರಾಜಕೀಯದ್ದು. ನಮ್ಮ ಕಾಕಾ ನನ್ನ ಕಡೆ ತಿರುಗಿ, "ನಿಮ್ಮ ವಿಜ್ಞಾನ ಮುಂದ ಆಗೂದನ್ನ ಹಿಂಗ ಹೇಳತೈತೇನಪಾ?" ಅಂದರು.

ಹೇಳತೈತಿ ಕಾಕಾ, ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದ ಬಾಗಿದ ಗ್ಯಾಲಕ್ಸಿಗಳ ಚಿತ್ರ ಎಲ್ಲರೂ ಶೇರ್ ಮಾಡುತ್ತಾರೆ, ಅವು ಯಾಕೆ ಬಾಗಿವೆ ಎಂದು ಹೇಳುವವರು ಕಡಿಮೆ. ನನಗೆ ಇದು ಬೇಸರದ ಸಂಗತಿ.

ಖಾಲಿ ಗ್ಲಾಸಿನ ದಪ್ಪ ತಳದೊಳಗಿಂದ ಅಂಗಡಿಯ ಬಲ್ಬು ತೋರಿಸಿದೆ. ಬಲ್ಬು ಎಳೆದಂತಾಗಿ ಬಿಲ್ಲಿನ ಹಾಗೆ ಕಂಡಿತು. ಆಕಾಶದಲ್ಲೂ ನೂರಾರು ಗ್ಯಾಲಕ್ಸಿಗಳ ಗುಂಪೊಂದು ನಡುವೆ ಬಂದರೆ, ಅದರ ಭಾರಕ್ಕೆ ಸುತ್ತಲಿನ ಜಾಗವೇ ಬಾಗಿ, ಹಿಂದಿನ ಗ್ಯಾಲಕ್ಸಿ ಹಿಗ್ಗಿ ಕಾಣುತ್ತದೆ, ಹೊಳಪೂ ಹೆಚ್ಚುತ್ತದೆ. ಇದೇ ಗುರುತ್ವ ಮಸೂರ. ದೂರದರ್ಶಕಕ್ಕೂ ನಿಲುಕದಷ್ಟು ಮಸುಕಾದವು ಹೀಗೆ ಕೈಗೆ ಸಿಗುತ್ತವೆ. ಎಷ್ಟು ಬಾಗಿದೆ ಎಂದು ಅಳೆದರೆ ನಡುವಿನ ಗುಂಪಿನ ತೂಕವೂ ಗೊತ್ತಾಗುತ್ತದೆ, ಬೆಳಕೇ ಬೀರದ ಡಾರ್ಕ್ ಮ್ಯಾಟರ್ ಸಮೇತ.

ಕಾಕಾನ ಪ್ರಶ್ನೆಗೆ ಉತ್ತರ ಇಲ್ಲಿದೆ. 2014ರ ನವೆಂಬರಿನಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಒಂದೇ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ನಾಲ್ಕು ಕಡೆ ಕಂಡಿತು. ಅದರ ಬೆಳಕು ಹೊರಟು 900 ಕೋಟಿ ವರ್ಷ ದಾಟಿತ್ತು. ಹುಬ್ಬಳ್ಳಿಯಿಂದ ಗದಗಿಗೆ ಒಂದು ಬಸ್ಸು ಅಣ್ಣಿಗೇರಿ ಮೇಲೆ ಬಂದರೆ, ಇನ್ನೊಂದು ಲಕ್ಷ್ಮೇಶ್ವರ ಸುತ್ತಿ ಬರುತ್ತದಲ್ಲ, ಹಾಗೆ ಬೆಳಕೂ ನಡುವಿನ ಗ್ಯಾಲಕ್ಸಿ ಗುಂಪನ್ನು ಸುತ್ತಿ ಬೇರೆ ಬೇರೆ ದಾರಿ ಹಿಡಿದು ಬಂದಿತ್ತು. ಗುಂಪಿನ ತೂಕ ಗೊತ್ತಿದ್ದವರು ಲೆಕ್ಕ ಹಾಕಿ, ಅದೇ ಸ್ಫೋಟ ಇನ್ನೊಂದು ಜಾಗದಲ್ಲಿ ಸುಮಾರು ವರ್ಷದ ನಂತರ ಮತ್ತೆ ಕಾಣುತ್ತದೆ ಎಂದು ಮೊದಲೇ ಬರೆದಿಟ್ಟರು. 2015ರ ಡಿಸೆಂಬರ್ 11ರಂದು ಕಂಡಿತು! ಆಮೇಲೆ ಸೂಕ್ಷ್ಮವಾಗಿ ಅಳೆದಾಗ, ಆ ನಾಲ್ಕರಲ್ಲಿ ಒಂದರ ಬೆಳಕಿಗೂ ಇದರ ಬೆಳಕಿಗೂ ಇದ್ದ ಅಂತರ 376 ದಿನ.

ಕಾರ್ಣಿಕದ ಮೇಲೆ ನನಗೆ ಗೌರವವಿದೆ, ಅದರ ಅರ್ಥವನ್ನು ಕೇಳಿದ ಊರೇ ಕೂಡಿಸಿಕೊಳ್ಳುತ್ತದೆ. ಈ ಲೆಕ್ಕಕ್ಕೆ ಆ ಅನುಕೂಲ ಇಲ್ಲ. ಆ ಜಾಗದಲ್ಲಿ ಕಾಣದೇ ಹೋಗಿದ್ದರೆ ತಪ್ಪಾಯಿತು ಅಂತ ಒಪ್ಪಲೇಬೇಕಿತ್ತು. ನಮ್ಮ ಮಕ್ಕಳಿಗೆ ಚಿತ್ರದ ಜೊತೆ ಇದನ್ನೂ ಹೇಳಬೇಕು.

ಆ ಸೂಪರ್‌ನೋವಾಕ್ಕೆ ರೆಫ್ಸ್‌ಡಾಲ್ ಎಂದು ಹೆಸರು. ಇಂಥದ್ದು ಸಿಕ್ಕರೆ ವಿಶ್ವ ಹಿಗ್ಗುವ ವೇಗವನ್ನೇ ಅಳೆಯಬಹುದು ಎಂದು 1964ರಲ್ಲಿ ಬರೆದ ನಾರ್ವೆಯ ವಿಜ್ಞಾನಿ ಅವರು. 2009ರಲ್ಲಿ ತೀರಿಕೊಂಡರು.

"ನಾಕಕ್ಕಿಂತ ಮೊದಲ ಬಂದದ್ದು ಯಾವುದೂ ಇಲ್ಲೇನು?" ಕಾಕಾ ಕೇಳಿದರು. ಲೆಕ್ಕದ ಪ್ರಕಾರ ಇದೆ, ಹತ್ತಿಪ್ಪತ್ತು ವರ್ಷ ಮೊದಲೇ ಒಂದು ಬಂದು ಹೋಗಿದೆ, ಯಾರೂ ಆ ಕಡೆ ನೋಡಿರಲಿಲ್ಲ ಅಂದೆ.

"ಛೇ," ಅಂದು ಗ್ಲಾಸನ್ನು ಮತ್ತೆ ಬಲ್ಬಿನ ಕಡೆ ಹಿಡಿದರು.